ಬೆಳಗ್ಗೆ ಎದೆ ಡವಡವ, ಸಂಜೆಗೆ ಆರಾಮ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ. ವಯಸ್ಸು 41. ಎಪಿಎಂಸಿ ಯಾರ್ಡಿನ ದಲಾಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಪತ್ರದ ಸಾರ ಇಷ್ಟು:

"ದೀಪಾವಳಿ ಕಳೆದಾಗಿನಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಎದೆ ಡವಡವ. ಮತ್ತೆ ನಿದ್ದೆ ಇಲ್ಲ. ಎರಡು ಸಲ ಇಸಿಜಿ ಮಾಡಿಸಿದೆ, ಹೃದಯ ಚೆನ್ನಾಗಿದೆ ಅಂದರು. ಗ್ಯಾಸ್ಟ್ರಿಕ್ ಮಾತ್ರೆಯೂ ಆಯಿತು. ಕೊನೆಗೆ ಡಾಕ್ಟರು, ಇದು ಖಿನ್ನತೆ, ಜೊತೆಗೆ ಆತಂಕ, ಈ ಮಾತ್ರೆ ಶುರು ಮಾಡಿ, ಮನೋವೈದ್ಯರನ್ನೂ ಕಾಣಿ ಅಂದರು. ಮಾತ್ರೆ ಬೀರುವಿನಲ್ಲೇ ಇದೆ. ಅಭ್ಯಾಸ ಆಗಿಬಿಟ್ಟರೆ ಅಂತ ಭಯ. ಮಂಡಿಯಲ್ಲಿ ಒಂದೇ ಪಟ್ಟಿಯನ್ನು ಮೂರು ಮೂರು ಸಲ ಕೂಡುತ್ತೇನೆ, ಆದರೂ ನಂಬಿಕೆ ಬರುವುದಿಲ್ಲ. ವಿಚಿತ್ರ ಅಂದರೆ ಸಂಜೆ ಆರರ ಮೇಲೆ ಸುಮಾರಾಗಿ ಸರಿಹೋಗುತ್ತೇನೆ. ಮನೆಯವಳು 'ಸಂಜೀಗೆ ಆರಾಮ ಇರ್ತೀರಿ, ಬೆಳಗ್ಗೆ ಮಾತ್ರ ಏನ್ ಬರ್ತತಿ ನಿಮಗೆ?' ಅಂತಾಳೆ. ನನಗೂ ಅದೇ ಅನುಮಾನ. ನಾನೇ ನಾಟಕ ಮಾಡ್ತಿದೀನಾ? ಒಮ್ಮೊಮ್ಮೆ ಎಲ್ಲ ಸಾಕು ಅನ್ನಿಸುತ್ತದೆ. ದೊಡ್ಡ ಉಪದೇಶ ಬೇಡ. ಒಂದು ದಿನ ಹೇಗೆ ದಾಟಿಸುವುದು, ಅಷ್ಟು ಹೇಳಿ."

ಪ್ರೀತಿಯ ಓದುಗರೇ,

ನಾಟಕದ ಮಾತಿಗೆ ಆಮೇಲೆ ಬರೋಣ. ಪತ್ರದ ನಡುವೆ ಹಾಗೇ ತೂರಿಸಿಬಿಟ್ಟ "ಎಲ್ಲ ಸಾಕು" ಅನ್ನುವ ಮಾತು ಮೊದಲು. ಅದರ ಅರ್ಥ ಸುಸ್ತು ಅಂತಲೂ ಇರಬಹುದು, ಬದುಕೇ ಬೇಡ ಅಂತಲೂ ಇರಬಹುದು. ಎರಡನೆಯದಾದರೆ ಈ ಉತ್ತರವನ್ನು ಪೂರ್ತಿ ಓದುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಳಗಿನ ಜಾವ ಮೂರಕ್ಕೂ ಎತ್ತುತ್ತಾರೆ, ನಿಮಗೆ ಬೇಕಾಗಿರುವುದೂ ಅದೇ ಹೊತ್ತಿಗೆ ಅಲ್ವಾ? ಹಾಗೆ ಅನ್ನಿಸಿದ್ದನ್ನು ಮನೆಯವರಿಗೂ ಇವತ್ತೇ ಬಾಯಿಬಿಟ್ಟು ಹೇಳಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ ಇದ್ದರೆ ಸದ್ಯಕ್ಕೆ ಅದು ಬೇರೆ ಯಾರ ಮನೆಯಲ್ಲಾದರೂ ಇರಲಿ.

ಇನ್ನು ನಾಟಕ. ಇಲ್ಲ, ನೀವು ಮಾಡುತ್ತಿಲ್ಲ. ಬೆಳಗ್ಗೆ ಜಾಸ್ತಿ, ಸಂಜೆಗೆ ಕಡಿಮೆ ಅನ್ನುವುದು ಖಿನ್ನತೆಯ ಲಕ್ಷಣಗಳಲ್ಲೇ ಒಂದು. ಮಾಮೂಲಿಗಿಂತ ಎರಡು ಗಂಟೆಯೋ ಇನ್ನೂ ಮುಂಚೆಯೋ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಇನ್ನೊಂದು. ಮನೋವೈದ್ಯರು ಇವೆರಡನ್ನೂ ಕೇಳಿಯೇ ಕೇಳುತ್ತಾರೆ. ಬೆಳಗಿನ ಜಾವ ಎಲ್ಲರ ಮೈಯಲ್ಲೂ ಕಾರ್ಟಿಸಾಲ್ ಅನ್ನುವ ಹಾರ್ಮೋನು ಏರುತ್ತದೆ. ಮಲಗಿದವರನ್ನು ಎಬ್ಬಿಸಿ ದಿನಕ್ಕೆ ಅಣಿ ಮಾಡುವುದು ಅದರ ಕೆಲಸ. ಖಿನ್ನತೆ ಇರುವ ಹಲವರಲ್ಲಿ ಈ ಏರಿಳಿತವೇ ಹದ ತಪ್ಪಿರುತ್ತದೆ. ಸಂಜೆ ನೀವು ನಗುತ್ತಾ ಮಂಡಕ್ಕಿ ಮಿರ್ಚಿ ತಿಂದಿರಿ ಅಂದ ಮಾತ್ರಕ್ಕೆ ಬೆಳಗಿನದು ಸುಳ್ಳಾಗುವುದಿಲ್ಲ. ಮಲೇರಿಯಾ ಜ್ವರ ಮಧ್ಯೆ ಬಿಟ್ಟಿತು ಅಂತ ಜ್ವರವೇ ಇರಲಿಲ್ಲ ಅಂತೀವಾ? ನಿಮ್ಮ ಮನೆಯವರಿಗೆ ಈ ಪ್ಯಾರಾ ಓದಿ ಹೇಳಿ.

ಒಂದು ಸಲ ಇದು ಗೊತ್ತಾದರೆ ದಿನವನ್ನು ಬೇರೆ ಥರ ಹೊಂದಿಸಬಹುದು. ಬೆಳಗ್ಗೆ ನಿಮ್ಮಿಂದ ಕಡಿಮೆ ಕೇಳಿಕೊಳ್ಳಿ, ಮಧ್ಯಾಹ್ನದ ಮೇಲೆ ಜಾಸ್ತಿ.

ಮೂರು ಗಂಟೆಯ ಹೊತ್ತಿನಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಕೆಲಸ ಬಿಡೋಣವಾ, ಸಾಲ ತೀರುತ್ತದಾ, ಮಕ್ಕಳ ಗತಿ ಏನು, ಇವೆಲ್ಲ ಆ ಹೊತ್ತಿಗೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಗಡಿಯಾರ ನೋಡಬೇಡಿ, ಮೊಬೈಲ್ ಮುಟ್ಟಬೇಡಿ. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಹಾಸಿಗೆ ಬಿಟ್ಟು ನಡುಮನೆಗೆ ಬನ್ನಿ. ಸಣ್ಣ ದೀಪ ಹಾಕಿಕೊಂಡು ಹಳೇ ಪೇಪರ್ ಓದಿ, ಬಟ್ಟೆ ಮಡಚಿಡಿ. ಕಣ್ಣು ಎಳೆದರೆ ಮತ್ತೆ ಹೋಗಿ ಮಲಗಿ. ಎದೆ ಡವಡವ ಜಾಸ್ತಿಯಾದರೆ ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿ: ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಇಸಿಜಿ ಸರಿಯಿದೆ ಅಂತ ಡಾಕ್ಟರು ಹೇಳಿಯಾಗಿದೆ. ಈ ಡವಡವ ಏರುತ್ತದೆ, ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ.

ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಮಾತ್ರ ಒಂದೇ ಇರಲಿ. ಆರು ಅಂದರೆ ಆರು. "ನಿದ್ದೆಯಾಗಿಲ್ಲ, ಎಂಟರವರೆಗೆ ಬಿದ್ದಿರೋಣ" ಅಂದುಕೊಂಡರೆ ಮುಂದಿನ ರಾತ್ರಿಯೂ ಕೆಡುತ್ತದೆ. ಎದ್ದ ಮೇಲೆ ಬಿಸಿಲಿಗೆ ಮುಖ ಕೊಡಿ. ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗಿ ಅಂತ ಎಲ್ಲರೂ ನಿಮಗೆ ಹೇಳಿರುತ್ತಾರೆ. ಒಳ್ಳೆಯ ಜಾಗವೇ. ಆದರೆ ಚಪ್ಪಲಿ ಮೆಟ್ಟುವುದೇ ಬೆಟ್ಟ ಹತ್ತಿದ ಹಾಗೆ ಆಗುವ ದಿನ ಕೆರೆ ಏರಿಯ ಮಾತು ಯಾಕೆ? ನಿಮ್ಮ ಬೀದಿಯ ಕೊನೆಯ ಮನೆಯವರೆಗೆ ಹೋಗಿ ಬನ್ನಿ, ಸಾಕು. ಮುಂದಿನ ವಾರ ಇನ್ನೊಂದು ಬೀದಿ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ. ಸ್ನಾನವಾಗಲಿ, ತಿಂಡಿಯಾಗಲಿ, ಮೊದಲು ಮಾಡಿಬಿಡಬೇಕು. ಮನಸ್ಸು ಹಿಂದೆ ಬರುತ್ತದೆ, ಸ್ವಲ್ಪ ತಡವಾಗಿ. ಮನೋವೈದ್ಯರೂ ಆಪ್ತಸಮಾಲೋಚಕರೂ ಇದನ್ನು ಒಂದು ಚಿಕಿತ್ಸೆಯಾಗಿಯೇ ಮಾಡಿಸುತ್ತಾರೆ.

ಮಂಡಿಗೆ ಬರೋಣ. ದೀಪಾವಳಿ ಆಸುಪಾಸು ಅಂದರೆ ನಿಮ್ಮ ಯಾರ್ಡಿಗೆ ಮೆಕ್ಕೆಜೋಳ ಬಂದು ಬೀಳುವ ಕಾಲ. ತೂಕ, ಹಮಾಲಿ, ರೈತರ ಪಟ್ಟಿ ಎಲ್ಲ ಒಟ್ಟಿಗೆ ತಲೆ ಮೇಲೆ. ನಿಮಗೆ ಶುರುವಾದದ್ದೂ ಆಗಲೇ. ಸಾಹುಕಾರರ ಹತ್ತಿರ ಕಾಯಿಲೆಯ ಹೆಸರು ಹೇಳಲೇಬೇಕು ಅಂತೇನಿಲ್ಲ. "ಡಾಕ್ಟರು ಔಷಧಿ ಕೊಟ್ಟಿದ್ದಾರೆ, ಬೆಳಗ್ಗೆ ತಲೆ ಓಡಲ್ಲ, ಕೂಡುವ ಲೆಕ್ಕ ಮೂರರ ಮೇಲೆ ಮಾಡ್ತೀನಿ" ಅನ್ನಿ. ಬೆಳಗ್ಗೆ ಚೀಟಿ ಜೋಡಿಸುವುದು, ಹೆಸರು ಬರೆಯುವುದು, ಇಂಥವು ಇಟ್ಟುಕೊಳ್ಳಿ.

ಇನ್ನು ಪಟ್ಟಿಯನ್ನು ಮೂರು ಸಲ ಕೂಡುವ ವಿಷಯ. ಇಲ್ಲಿ ಮಾತ್ರ ನಾನು ಸ್ವಲ್ಪ ಜೋರು ಮಾಡುತ್ತೇನೆ. ಮೇಲಿಂದ ಕೆಳಗೆ ಒಂದು ಸಲ ಕೂಡಿ. ಕೆಳಗಿಂದ ಮೇಲೆ ಕ್ಯಾಲ್ಕುಲೇಟರಿನಲ್ಲಿ ಇನ್ನೊಂದು ಸಲ. ಎರಡೂ ತಾಳೆಯಾದರೆ ಕೆಳಗೆ ಗೀಟು ಎಳೆದು ಪುಸ್ತಕ ಮುಚ್ಚಿ. ಮತ್ತೆ ತೆಗೆಯಬೇಕು ಅಂತ ಕೈ ತುಡಿಯುತ್ತದೆ. ತೆಗೆದರೆ ಐದು ನಿಮಿಷ ನೆಮ್ಮದಿ ಸಿಗುತ್ತದೆ, ಆರನೇ ನಿಮಿಷಕ್ಕೆ ಅನುಮಾನ ಇನ್ನೂ ಬಲಿತು ಬರುತ್ತದೆ. ಆತಂಕ ಬೆಳೆಯುವುದೇ ಹೀಗೆ, ನಾವು ಅದಕ್ಕೆ ಪ್ರತಿ ಸಲ ಸಮಾಧಾನ ಹೇಳುತ್ತಾ ಹೋದಂತೆ. ಪುಸ್ತಕ ತೆಗೆಯದೆ ಕೂತ ಆ ಕಾಲು ಗಂಟೆ ಕಷ್ಟವೇ. ಆದರೆ ದಿನದಿಂದ ದಿನಕ್ಕೆ ಸಡಿಲವಾಗುತ್ತದೆ.

ಚಿಂತೆ ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನಿಲ್ಲುತ್ತದಾ? ಅದಕ್ಕೊಂದು ಹೊತ್ತು ಗೊತ್ತು ಮಾಡಿ. ಸಂಜೆ ಆರೂವರೆ ಅಂತಿಟ್ಟುಕೊಳ್ಳಿ, ನೀವು ಆರಾಮ ಇರುವ ಹೊತ್ತು. ಹಗಲು ತಲೆಗೆ ಬಂದದ್ದನ್ನು ಒಂದು ಸಾಲು ಗೀಚಿಟ್ಟುಕೊಂಡು ಆಗ ಕಾಲು ಗಂಟೆ ಕೂತು ನೋಡಿ. ಅರ್ಧಕ್ಕರ್ಧ ಸಾಲು ಸಂಜೆಗೆ ಹಳಸಿರುತ್ತವೆ.

ಹಾಂ, ಚಹಾ. ಮಂಡಿಗೆ ಬಂದವರ ಜೊತೆಗೆಲ್ಲ ಒಂದೊಂದು ಅರ್ಧ ಕಪ್ ಇಳಿಯುತ್ತಿರಬೇಕು. ಎದೆ ಡವಡವ ಇರುವವರಿಗೆ ಅದು ಸಲ್ಲದು. ಮಧ್ಯಾಹ್ನದ ಊಟದ ಮೇಲೆ ಪೂರ್ತಿ ನಿಲ್ಲಿಸಿ. ನಿದ್ದೆಗೆ ಅಂತ ಒಂದು ಪೆಗ್ಗೂ ಬೇಡ. ಬೇಗ ಕಣ್ಣು ಮುಚ್ಚಿಸಿ ಮೂರಕ್ಕೆ ಸರಿಯಾಗಿ ಎಬ್ಬಿಸುವುದು ಅದೇ.

ಈಗ ಬೀರುವಿನಲ್ಲಿರುವ ಮಾತ್ರೆ. ನಾನು ಡಾಕ್ಟರಲ್ಲ, ನಿಮ್ಮದು ಯಾವ ಮಾತ್ರೆ ಅಂತಲೂ ಬರೆದಿಲ್ಲ. ಆದರೆ ಅಭ್ಯಾಸವಾಗುತ್ತದೆ ಅನ್ನುವ ಭಯದಲ್ಲಿ ಜನ ಎರಡು ಬೇರೆ ಬೇರೆ ಔಷಧಿಗಳನ್ನು ಒಂದೇ ಮಾಡಿಬಿಟ್ಟಿದ್ದಾರೆ. ಅಲ್ಪ್ರಜೋಲಾಮ್ ಥರದವು ತಕ್ಷಣ ಮಂಪರು ಕೊಡುತ್ತವೆ. ದಿನಾ ತಗೊಂಡರೆ ಅಭ್ಯಾಸವಾಗುವುದು ಅವು. ಹಾಗಾಗಿ ಸ್ವಲ್ಪ ದಿನಕ್ಕೆ ಮಾತ್ರ, ಡಾಕ್ಟರು ಹೇಳಿದಷ್ಟೇ. ಎಸಿಟಲೋಪ್ರಾಮ್, ಸರ್ಟ್ರಲೀನ್ ಥರದ ಖಿನ್ನತೆಯ ಔಷಧಿಗಳು ಬೇರೆ. ಅವು ಅಮಲು ಕೊಡುವುದಿಲ್ಲ, ಇನ್ನೂ ಬೇಕು ಇನ್ನೂ ಬೇಕು ಅನ್ನಿಸುವುದೂ ಇಲ್ಲ. ಕೆಲಸ ಶುರು ಮಾಡುವುದಕ್ಕೆ ಎರಡು ವಾರ, ಪೂರ್ತಿ ಗುಣ ಕಾಣುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ತುಸು ಜಾಸ್ತಿಯೂ ಆಗಬಹುದು. ಬಹಳ ಮಂದಿ ಅಲ್ಲೇ ಹೆದರಿ ಕೈಬಿಡುತ್ತಾರೆ. ಬಿಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಗುಣವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ಅವರೇ ನಿಧಾನವಾಗಿ ಇಳಿಸುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಬರುತ್ತದೆ. ಥೈರಾಯ್ಡ್, ಬಿ12, ರಕ್ತಹೀನತೆಯ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಅವು ಏರುಪೇರಾದರೂ ಹೀಗೇ ಆಗಬಹುದು.

ಮನೋವೈದ್ಯರ ಬಾಗಿಲಲ್ಲಿ ಯಾರಾದರೂ ಕಂಡರೆ ಅಂತ ಸಂಕೋಚವಿರಬಹುದು. ನಮ್ಮೂರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ನಿಜ. ಆದರೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಯಾರ್ಡಿನಲ್ಲಿ ಇನ್ನೂರು ಜನ ಸೇರಿದರೆ ಹತ್ತು ಮಂದಿ. ಬಾಗಿಲಲ್ಲಿ ಕಂಡವರು ಕೂಡ ಅಲ್ಲಿಗೆ ಸುಮ್ನೆ ಬಂದಿರುವುದಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಬೇಡ ಅನ್ನಿಸಿದರೆ ಹರಿಹರದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ದುಗ್ಗಮ್ಮನಿಗೆ ಹರಕೆ ಹೊತ್ತಿದ್ದರೆ ಅದನ್ನೂ ತೀರಿಸಿ, ನನ್ನ ತಕರಾರಿಲ್ಲ. ಮಾತ್ರೆ ನುಂಗಿ ಹೋಗಿ.

ಕೊನೆಗೆ ನಿಮ್ಮ ಮನೆಯವರಿಗೆ ಎರಡು ಮಾತು. ತಾಯಿ, "ಧೈರ್ಯ ತಗೊಳ್ರಿ" ಅನ್ನಬೇಡಿ. ಅವರು ತಗೊಳ್ಳುವ ಹಾಗಿದ್ದರೆ ಇಷ್ಟು ಹೊತ್ತಿಗೆ ತಗೊಂಡಿರುತ್ತಿದ್ದರು. ಬೆಳಗ್ಗೆ ಪ್ರಶ್ನೆ ಕೇಳದೆ ತಿಂಡಿ ಎದುರಿಗಿಡಿ, ಬೀದಿಯ ಕೊನೆಯವರೆಗೆ ಜೊತೆಗೆ ನಡೆಯಿರಿ. ಮನಸ್ಸು ಬಿಚ್ಚಿ ಮಾತಾಡುವುದೆಲ್ಲ ಸಂಜೆಗೆ ಇರಲಿ. "ಸಾಯಬೇಕು ಅನ್ನಿಸ್ತತಾ?" ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗೆ ಆಗುವುದಿಲ್ಲ, ಹೆದರಬೇಡಿ. ಕೇಳಿ. ಡಾಕ್ಟರ ಹತ್ತಿರ ನೀವೂ ಹೋಗಿ. ಎಷ್ಟಕ್ಕೆ ಏಳುತ್ತಾರೆ, ಊಟ ಎಷ್ಟು ಇಳಿದಿದೆ, ಯಾವಾಗಿನಿಂದ ಮಾತು ಕಡಿಮೆಯಾಯಿತು ಅಂತ ಅವರು ಕೇಳಿದಾಗ ಸರಿಯಾದ ಉತ್ತರ ನಿಮ್ಮ ಹತ್ತಿರವೇ ಇರುವುದು.

— ಸಂಪಾದಕ