ಪಿಯಾಜೆ, ವೈಗೋಟ್‌ಸ್ಕಿ ಓದಿದ್ದು ಕ್ಲಾಸಿನಲ್ಲಿ ಉಪಯೋಗಕ್ಕೆ ಬರುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಡಿಎಲ್‌ಎಡ್ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮಾಡುತ್ತಿದ್ದೀರಿ. ಮುಂದಿನ ತಿಂಗಳು ಟೀಚಿಂಗ್ ಪ್ರಾಕ್ಟೀಸ್. ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್, ಮಕ್ಕಳು ಹೇಗೆ ಯೋಚಿಸಿ ಕಲಿಯುತ್ತಾರೆ ಅಂತ ಹೇಳಿದ ಈ ಮನಃಶಾಸ್ತ್ರಜ್ಞರ ಮಾತೆಲ್ಲ ಬಾಯಿಪಾಠ ಆಗಿದೆ. ಇದು ಪರೀಕ್ಷೆಗೆ ಮಾತ್ರವಾ, ಕ್ಲಾಸಿನ ವಾತಾವರಣ ಚೆನ್ನಾಗಿ ಇಟ್ಟುಕೊಳ್ಳಲು ಬೇರೇನಾದರೂ ಕಲಿಯಬೇಕಾ ಅಂತ ಕೇಳಿದ್ದೀರಿ.

ನಾನು ಬದಿಯಡ್ಕ ಕಡೆಯ ಒಂದು ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ 22 ವರ್ಷದಿಂದ ಟೀಚರ್. ನೀವು ಬೇರೆ ಬೇರೆ ಎಂದುಕೊಂಡಿರುವ ಈ ಎರಡು ವಿಷಯ ನನ್ನ ಅನುಭವದಲ್ಲಿ ಒಂದೇ. ಮಗು ನಮ್ಮ ಪ್ರಶ್ನೆ ಕೇಳುವ ಮೊದಲೇ ನಮ್ಮ ಮುಖ ನೋಡುತ್ತದೆ. ಆ ಮುಖ ನೋಡಿ ಹೆದರಿದರೆ ಅದರ ತಲೆಯಲ್ಲಿ ಏನಿದೆ ಅಂತ ನಮಗೆ ಗೊತ್ತಾಗುವುದೇ ಇಲ್ಲ. ಆಮೇಲೆ ಮಗುವಿನ ಯೋಚನೆ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ಯಾವ ಹಂತ ಓದಿದ್ದರೂ ಪ್ರಯೋಜನ ಇಲ್ಲ.

ನಡೆದದ್ದೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಎರಡನೇ ತರಗತಿ. ಪಾತ್ರೆ ಬದಲಾದರೂ ನೀರು ಅಷ್ಟೇ ಇರುತ್ತದೆ ಅಂತ ಮಗುವಿಗೆ ಗೊತ್ತಾ ಎಂದು ನೋಡುವ ಪಿಯಾಜೆಯ ಆ ಹೆಸರಾದ ಪ್ರಯೋಗ ಮಾಡಿ ನೋಡಬೇಕು ಅಂತ ಆಸೆ. ಕಂಜಿಪುರೆಯಿಂದ, ಅಂದರೆ ನಮ್ಮ ಬಿಸಿಯೂಟದ ಕೋಣೆಯಿಂದ, ಒಂದೇ ಅಳತೆಯ ಎರಡು ಸ್ಟೀಲ್ ಲೋಟ ಮತ್ತು ಒಂದು ಸಪುರದ, ಉದ್ದದ ಗಾಜಿನ ಗ್ಲಾಸು ತಂದೆ. ಎರಡು ಲೋಟಕ್ಕೂ ಸರಿಸಮ ನೀರು ಹಾಕಿದೆ. ಮುಂದೆ ಕೂತಿದ್ದ ಹುಡುಗಿಯನ್ನು ಕೇಳಿದೆ, "ಎರಡರಲ್ಲೂ ಒಂದೇ ಅಷ್ಟು ಉಂಟಾ?" "ಉಂಟು ಟೀಚರ್." ಒಂದು ಲೋಟದ ನೀರನ್ನು ಗ್ಲಾಸಿಗೆ ಸುರಿದೆ. "ಈಗ?" ಅವಳು ಗ್ಲಾಸು ನೋಡಿದಳು, ಲೋಟ ನೋಡಿದಳು. "ಒಂದೇ" ಅಂದಳು. ನಾನು ಸುಮ್ನೆ ಇರಬೇಕಿತ್ತು. "ಸರಿಯಾಗಿ ನೋಡಿ ಹೇಳು" ಅಂದೆ. ಅವಳು ಈ ಸಲ ನೀರು ನೋಡಲಿಲ್ಲ, ನನ್ನ ಮುಖ ನೋಡಿದಳು. ಮೆಲ್ಲಗೆ ತುಳುವಿನಲ್ಲಿ, "ಉಂದೆಟ್ ಜಾಸ್ತಿ ಉಂಡು" ಅಂತ ಗ್ಲಾಸು ತೋರಿಸಿದಳು. ಇದರಲ್ಲಿ ಜಾಸ್ತಿ ಇದೆ ಅಂತ.

"ಪರಿಮಾಣ ಬದಲಾಗುವುದಿಲ್ಲ ಎಂಬ ತಿಳಿವಳಿಕೆ ಇನ್ನೂ ಬಂದಿಲ್ಲ" ಅಂತ ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ತಪ್ಪು ಬರೆದಿದ್ದೆ. ಅವಳಿಗೆ ಗೊತ್ತಿತ್ತು. ಟೀಚರ್ ಎರಡನೇ ಸಲ ಕೇಳಿದರೆ ಮೊದಲ ಉತ್ತರ ತಪ್ಪು ಅನ್ನುವುದೂ ಗೊತ್ತಿತ್ತು. ಶಾಲೆಗೆ ಬಂದ ಒಂದೇ ವರ್ಷದಲ್ಲಿ ನಾವೇ ಕಲಿಸಿದ ಪಾಠ ಅದು.

ಎಷ್ಟೋ ವರ್ಷದ ನಂತರ ಗೊತ್ತಾಯಿತು, ಇದನ್ನು ಸ್ಕಾಟ್‌ಲೆಂಡಿನಲ್ಲಿ ಜೇಮ್ಸ್ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ 1974ರಲ್ಲೇ ಪರೀಕ್ಷಿಸಿ ನೋಡಿದ್ದರು. ಅವರು ಎರಡು ಸಾಲು ಬಿಲ್ಲೆ ಇಟ್ಟರು. ದೊಡ್ಡವರೇ ಒಂದು ಸಾಲು ಚದುರಿಸಿ "ಈಗ ಯಾವುದರಲ್ಲಿ ಜಾಸ್ತಿ, ಇಲ್ಲ ಎರಡೂ ಒಂದೇಯಾ?" ಎಂದರೆ ಹೆಚ್ಚಿನ ಮಕ್ಕಳು ತಪ್ಪು ಹೇಳಿದರು. ಒಂದು ಕಿತಾಪತಿಯ ಕರಡಿ ಬೊಂಬೆ ಬಂದು ಚದುರಿಸಿದ ಹಾಗೆ ಮಾಡಿದಾಗ ಸರಿ ಹೇಳಿದವರು ತುಂಬಾ ಜಾಸ್ತಿಯಾದರು. ಬಿಲ್ಲೆ ಅದೇ, ಮಕ್ಕಳೂ ಅವರೇ. ದೊಡ್ಡವರು ಬೇಕು ಅಂತಲೇ ಏನೋ ಬದಲಾಯಿಸಿ ಮತ್ತೆ ಕೇಳಿದಾಗ ಮಗು ನಮ್ಮ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಲು ಹೊರಡುತ್ತದೆ.

ಹಾಗಂತ ಪಿಯಾಜೆಯನ್ನು ಬದಿಗಿಡಬೇಡಿ. ಮಗು ದೊಡ್ಡವರ ಸಣ್ಣ ಪಡಿಯಚ್ಚು ಅಲ್ಲ, ಅದರ ತಪ್ಪಿಗೂ ಒಂದು ಲೆಕ್ಕಾಚಾರ ಇರುತ್ತದೆ ಅಂತ ತೋರಿಸಿಕೊಟ್ಟವರು ಅವರು. 7ರಿಂದ 11 ವರ್ಷದವರೆಗೆ ಕೈಗೆ ಸಿಗುವ ವಸ್ತುಗಳ ಮೂಲಕ ಯೋಚನೆ ಬೆಳೆಯುತ್ತದೆ ಎಂಬ ಮಾತನ್ನು ನಾನು ದಿನಾ ನೋಡುತ್ತೇನೆ. ವಯಸ್ಸಿನ ಗೆರೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ.

ಇನ್ನೊಬ್ಬ ಹುಡುಗನ ವಿಷಯ ಹೇಳಲೇಬೇಕು. ಮೂರನೇ ತರಗತಿ, ಮನೆಮಾತು ಮರಾಟಿ. ಕ್ಲಾಸಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಚಿತ್ರಗಳನ್ನು ಗುಂಪು ಮಾಡುವ ಹಾಳೆ ಕೊಟ್ಟರೆ ಖಾಲಿ ವಾಪಸು. ನಿಧಾನ ಕಲಿಯುವ ಮಗು ಅಂತ ನಾನೇ ತೀರ್ಮಾನ ಮಾಡಿದ್ದೆ. ಒಂದು ಶನಿವಾರ ಪರಿಚಯದವರ ಮನೆಗೆ ಹೋದೆ. ಅಂಗಳದಲ್ಲಿ ಸುಲಿದ ಅಡಿಕೆ ರಾಶಿ. ಅವನ ಅಮ್ಮ ಅಲ್ಲಿಗೆ ಕೆಲಸಕ್ಕೆ ಬಂದಿದ್ದರು, ಅವನೂ ಜೊತೆಗಿದ್ದ. ಕೂತು ಅಡಿಕೆ ಬೇರೆ ಮಾಡುತ್ತಿದ್ದ. ಒಳ್ಳೆಯದು ಒಂದು ಕಡೆ, ಬಿರುಕು ಬಿಟ್ಟ ಪಟೋರ ಒಂದು ಕಡೆ, ಕಡಿಮೆ ದರ್ಜೆಯ ಉಳ್ಳಿ, ಕೋಕ ಬೇರೆ ಬೇರೆ. ಹೊರಗಿನವರಿಗೆ ಎಲ್ಲವೂ ಒಂದೇ ಥರ ಕಾಣುವ ಅಡಿಕೆ. ಅವನ ಕೈ ಒಂದು ಸಲವೂ ತಡವರಿಸಲಿಲ್ಲ. ನಾನು ಒಂದನ್ನು ಎತ್ತಿ "ಇದು ಪಟೋರ ಅಲ್ವಾ?" ಅಂದೆ. ನನ್ನ ಕೈಯಿಂದ ತಗೊಂಡು, ತಿರುಗಿಸಿ, ಬಿರುಕು ಇಲ್ಲ ಅಂತ ಉಗುರಿನಿಂದ ತೋರಿಸಿದ. "ಅಲ್ಲ ಟೀಚರ್" ಅಂದ. ನನ್ನ ಹತ್ತಿರ ಅವನು ಆಡಿದ ಮೊದಲ ಮಾತು ಅದು. ನನ್ನ ತಪ್ಪನ್ನು ತಿದ್ದಿದ ಮಾತು.

ವರ್ಗೀಕರಣ ಅಂತ ಓದುತ್ತೀರಲ್ಲ, ಅದು ಅವನ ಬೆರಳ ತುದಿಯಲ್ಲಿತ್ತು. ನನ್ನ ಹಾಳೆಯಲ್ಲಿದ್ದ ಭಾಷೆ ಮಾತ್ರ ಅವನದಾಗಿರಲಿಲ್ಲ. ಸೋಮವಾರ ಒಂದು ಚೀಲ ಅಡಿಕೆ ತಂದು ಅವನ ಗುಂಪಿಗೆ ಕೊಟ್ಟೆ. ಉಳಿದವರಿಗೆ ಅವನೇ ಹೇಳಿಕೊಟ್ಟ. ಆ ದಿನದ ಅವನ ಮುಖ ನಾನು ಮರೆಯುವುದಿಲ್ಲ.

ವೈಗೋಟ್‌ಸ್ಕಿ ನಮ್ಮ ಊರಿನವರಿಗೆ ಜಾಸ್ತಿ ಬೇಕು ಅನ್ನುವುದು ಇದಕ್ಕೇ. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದವರು ಅವರು, 1934ರಲ್ಲಿ ತೀರಿಹೋದರು. ಮಗು ಮೊದಲು ಇನ್ನೊಬ್ಬರ ಜೊತೆ ಮಾತಾಡಿ, ಆಮೇಲೆ ಅದೇ ಮಾತನ್ನು ಒಳಗೆ ತೆಗೆದುಕೊಂಡು ಯೋಚಿಸುತ್ತದೆ ಎಂದರು. ನಮ್ಮ ಕನ್ನಡ ಮಾಧ್ಯಮದ ಒಂದು ಬೆಂಚಿನಲ್ಲಿ ತುಳು, ಮಲಯಾಳಂ, ಕೊಂಕಣಿ, ಮರಾಟಿ, ಹವ್ಯಕ ಕನ್ನಡ ಎಲ್ಲ ಕೂತಿರುತ್ತವೆ. "ಕನ್ನಡದಲ್ಲೇ ಹೇಳು" ಅಂತ ಮೊದಲ ದಿನವೇ ಗದರಿದರೆ ಮಗುವಿನ ಯೋಚನೆಗೇ ಬೀಗ ಹಾಕಿದ ಹಾಗೆ. ಗುಂಪಿನಲ್ಲಿ ಮನೆಮಾತಿನಲ್ಲಿ ಚರ್ಚೆ ಆಗಲಿ, ಹೇಳುವಾಗ ಕನ್ನಡಕ್ಕೆ ತರಲಿ. ಶಬ್ದ ಸಿಗದಿದ್ದರೆ ನಾವು ಕೊಡೋಣ. ಇಲ್ಲಿ ಕನ್ನಡ ಉಳಿಯಬೇಕು ಅಂತ ನನಗೂ ತುಂಬಾ ಆಸೆ ಇದೆ. ಹೆದರಿ ಕಲಿತ ಭಾಷೆಯನ್ನು ಮಕ್ಕಳು ಹತ್ತನೇ ತರಗತಿಯ ಗೇಟಿನಲ್ಲೇ ಬಿಟ್ಟು ಹೋಗುತ್ತಾರೆ, ಅದನ್ನೂ ನೋಡಿದ್ದೇನೆ.

ಸ್ಕ್ಯಾಫೋಲ್ಡಿಂಗ್, ಅಂದರೆ ಮಗುವಿಗೆ ಬೇಕಾದಷ್ಟು ಆಸರೆ ಕೊಟ್ಟು ಮೆಲ್ಲಗೆ ಅದನ್ನು ತೆಗೆಯುವುದು, ಅರ್ಥ ಆಗುವುದಿಲ್ಲ ಅಂತಲೂ ಬರೆದಿದ್ದೀರಿ. ತೋಟದ ಕೆರೆಯಲ್ಲಿ ಈಜು ಕಲಿತದ್ದು ನೆನಪು ಮಾಡಿಕೊಳ್ಳಿ. ಎರಡು ಒಣ ತೆಂಗಿನಕಾಯಿಗೆ ಹಗ್ಗ ಕಟ್ಟಿ ನಡುವೆ ನಮ್ಮನ್ನು ಬಿಡುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಒಂದೇ ಕಾಯಿ. ಆಮೇಲೆ ಅಪ್ಪನ ಕೈ ಮಾತ್ರ. ಒಂದು ದಿನ ಅದೂ ಇಲ್ಲ. ಕಾಯಿ ಕಟ್ಟುವುದಕ್ಕಿಂತ ಯಾವಾಗ ಬಿಚ್ಚಬೇಕು ಅಂತ ತಿಳಿಯುವುದು ಕಷ್ಟ. ಟೀಚಿಂಗ್ ಪ್ರಾಕ್ಟೀಸಿನಲ್ಲಿ ಹೊಸಬರು ಬೋರ್ಡಿನಲ್ಲಿ ಪೂರ್ತಿ ಉತ್ತರ ಬರೆದುಕೊಡುತ್ತಾರೆ. ಅದು ಕಾಯಿ ಬಿಚ್ಚದೇ ಇರುವುದು.

ಬ್ರೂನರ್ ಹೇಳಿದ್ದು ಅರ್ಥ ಆಗಲು ಒಂದು ಚೆನ್ನೆಮಣೆ, ಅಂದರೆ ಗುಳಿಗಳಿರುವ ಆಟದ ಮಣೆ, ಸಾಕು. 14 ಗುಳಿ, ಒಂದೊಂದಕ್ಕೆ 4 ಮಂಜೊಟ್ಟಿ ಬೀಜ. ಮೊದಲು ಕೈಯಲ್ಲಿ ಹಾಕಿ ಎಣಿಸಲಿ. ಆಮೇಲೆ ಪುಸ್ತಕದಲ್ಲಿ ಗುಳಿಯ ಚಿತ್ರ ಬಿಡಿಸಲಿ. ಕೊನೆಗೆ 14 × 4 = 56 ಅಂತ ಬರೆಯಲಿ. ಕೈ, ಚಿತ್ರ, ಚಿಹ್ನೆ, ಅವರು ಹೇಳಿದ ಮೂರು ದಾರಿಯೂ ಅಲ್ಲಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಮಾಡಿ, ಮನೆಯಲ್ಲಿ ಅಜ್ಜಿಯಂದಿರೂ ಸೇರಿಕೊಳ್ಳುತ್ತಾರೆ.

ಇನ್ನು ಶಿಸ್ತು. "ಮೊದಲ ದಿನವೇ ಬಿಗಿ ಹಿಡಿ" ಅಂತ ಹಳಬರು ಹೇಳಿಕೊಡಬಹುದು. 1939ರಲ್ಲಿ ಕರ್ಟ್ ಲೆವಿನ್, ಲಿಪಿಟ್ ಮತ್ತು ವೈಟ್ ಅಮೆರಿಕದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಕೆಲವು ಗುಂಪಿಗೆ ಬರೀ ಆಜ್ಞೆ ಮಾಡುವ ಮುಂದಾಳು, ಕೆಲವಕ್ಕೆ ಕೂತು ಮಾತಾಡಿ ತೀರ್ಮಾನ ಮಾಡುವವರು, ಇನ್ನು ಕೆಲವಕ್ಕೆ ಏನೂ ಹೇಳದೆ ಬಿಡುವವರು. ಆಜ್ಞೆಯ ಗುಂಪಿನವರು ಮುಂದಾಳು ಎದುರಿಗಿದ್ದಾಗ ಕೆಲಸ ಮಾಡಿದರು, ಆಚೆ ಹೋದ ಕೂಡಲೇ ಕೈಬಿಟ್ಟರು. ಮಾತಾಡಿ ತೀರ್ಮಾನ ಮಾಡಿದವರು ಮುಂದುವರಿಸಿದರು. ನೀವು ಆಫೀಸಿಗೆ ಹೋಗಿ ಬರುವ ಐದು ನಿಮಿಷ ನಿಮ್ಮ ಕ್ಲಾಸು ಹೇಗಿರುತ್ತದೆ, ನೋಡಿ. ವಾತಾವರಣ ಅಳೆಯಲು ನನಗೆ ಅದೇ ಸಾಕು. ಬೆತ್ತದ ಬಗ್ಗೆ ಮಾತೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. "ದಡ್ಡ" ಅಂತ ಎಲ್ಲರ ಎದುರು ಕರೆಯುವುದು ನನ್ನ ಪ್ರಕಾರ ಎರಡನೆಯದರಲ್ಲೇ ಬರುತ್ತದೆ.

ಪ್ರಾಕ್ಟೀಸಿಗೆ ಹೋದಾಗ ಒಂದೇ ಒಂದು ಅಭ್ಯಾಸ ಮಾಡಿ ಅಂದರೆ, ಇದನ್ನು ಹೇಳುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಂಬವರು ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಕಂಡುಕೊಂಡದ್ದು, ಟೀಚರುಗಳು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ. ಮೂರು ಸೆಕೆಂಡು ಅಥವಾ ಜಾಸ್ತಿ ಕಾದಾಗ ಉತ್ತರ ಉದ್ದವಾಯಿತು, ಯಾವಾಗಲೂ ಸುಮ್ಮನಿರುವ ಮಕ್ಕಳೂ ಬಾಯಿ ಬಿಟ್ಟರು. ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಬೇಕಾದ ಮಗುವಿಗೆ ಮೂರೂ ಸಾಲದು. ನಾನು ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತೇನೆ. ಉತ್ತರ ಬಂದ ಮೇಲೆ, ಸರಿಯಿರಲಿ ತಪ್ಪಿರಲಿ, "ಹೇಗೆ ಗೊತ್ತಾಯಿತು?" ಅಂತ ಕೇಳುತ್ತೇನೆ. ಸರಿ ಹೇಳಿದವರಿಗೂ ಅದನ್ನೇ ಕೇಳಬೇಕು. ಇಲ್ಲದಿದ್ದರೆ ಆ ಪ್ರಶ್ನೆಯೇ "ತಪ್ಪು" ಅನ್ನುವುದಕ್ಕೆ ಇನ್ನೊಂದು ಹೆಸರಾಗುತ್ತದೆ.

ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್‌ನ ಮೊದಲ ಎರಡು ವಿಭಾಗಗಳಲ್ಲಿ ಮಕ್ಕಳ ಬೆಳವಣಿಗೆಗೆ 30 ಅಂಕ ಉಂಟು, ಹಾಗಾಗಿ ಹಂತಗಳ ಹೆಸರು ನೆನಪಿರಲಿ. ಮತ್ತೆ, ಪ್ರಾಕ್ಟೀಸಿಗೆ ಯಾವ ಶಾಲೆ ಸಿಕ್ಕಿದರೂ ಮೊದಲ ದಿನ ಮಕ್ಕಳ ಹೆಸರಿನ ಜೊತೆ ಮನೆಯಲ್ಲಿ ಯಾವ ಮಾತು ಆಡುತ್ತಾರೆ ಅಂತಲೂ ಕೇಳಿ ಬರೆದುಕೊಳ್ಳಿ. ಆ ಪಟ್ಟಿ ನಿಮ್ಮ ಟೀಚಿಂಗ್ ಮ್ಯಾನುವಲ್‌ನ (ಪಾಠದ ಯೋಜನೆ ಬರೆಯುವ ಪುಸ್ತಕ) ಮೊದಲ ಪುಟದಲ್ಲಿ ಇರಲಿ.