ತಲಪಾಡಿಗೆ ಮೊದಲೇ ಇಳಿದುಬಿಡುವವರು

ಮನೆಯವರ ಪ್ರೀತಿಯೇ ಭಯವನ್ನು ಬೆಳೆಸುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ನನ್ನ ಬಳಿ ಸಲಹೆಗೆ ಬಂದವರು ಕಾಸರಗೋಡಿನ ಕುಂಬಳೆ ಕಡೆಯ ಮಹಿಳೆ, ಐವತ್ತು ದಾಟಿದವರು. 2020ರ ಮಾರ್ಚ್ ಕೊನೆಗೆ ಕೊರೋನಾದಿಂದ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ, ಗಂಡನನ್ನು ಮಂಗಳೂರಿಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಗಡಿಯ ತಲಪಾಡಿಯಿಂದ ವಾಪಸಾಯಿತು. ಕಾಸರಗೋಡಿನಲ್ಲೇ ಚಿಕಿತ್ಸೆಯಾಗಿ ಗಂಡ ಬದುಕುಳಿದರು. ಇವರು ಮಾತ್ರ ಆಮೇಲೆ ತಲಪಾಡಿ ದಾಟಲಿಲ್ಲ. ಮಂಗಳೂರಿನಲ್ಲಿ ಮೊಮ್ಮಗನ ನಾಮಕರಣಕ್ಕೂ ಹೋಗಲಿಲ್ಲ.

"ಯಜಮಾನರು ಗಟ್ಟಿಮುಟ್ಟಾಗಿದ್ದಾರಲ್ಲ, ಇನ್ನೆಂತ ಹೆದರಿಕೆ?" ಅಂತ ನೆಂಟರು ಕೇಳುತ್ತಾರಂತೆ. ಅದು ಅವರಿಗೂ ಗೊತ್ತುಂಟು. ಆದರೆ ಈ ಭಯ ಕಲಿತದ್ದು ಮೈ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗೆ ಊಟ ಕೊಡುವ ಮುಂಚೆ ಮೆಟ್ರೊನೋಮ್ ಎಂಬ, ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರದ ಸದ್ದು ಕೇಳಿಸುತ್ತಿದ್ದರು. ಹಾಗೇ ಮಾಡುತ್ತಾ ಹೋದಂತೆ ಬರೀ ಸದ್ದಿಗೇ ಜೊಲ್ಲು ಸುರಿಯತೊಡಗಿತು. ಇವರಿಗೆ ಕಂಡಕ್ಟರ್ "ತಲಪಾಡಿ" ಎಂದರೆ ಸಾಕು, ಹೊಟ್ಟೆ ತೊಳಸುತ್ತದೆ, ಅಂಗೈ ಬೆವರುತ್ತದೆ.

ಒಂದು ದಿನ ಅವರು ಹೇಳಿದ ಮಾತಿನಿಂದ ನನಗೆ ದಾರಿ ಸಿಕ್ಕಿತು.

"ಹೊಸಂಗಡಿಯಲ್ಲಿ ಇಳಿದುಬಿಟ್ಟೆ ಮೇಡಂ. ಬಸ್ಸು ಮುಂದೆ ಹೋದದ್ದೇ ಎದೆ ಹಗುರ ಆಯ್ತು. ಒಂದು ಲಿಂಬೆ ಶರಬತ್ತು ಕುಡಿದು ವಾಪಸ್ ಬಂದೆ."

"ಮುಂದಿನ ಸಲ?"

"ಉಪ್ಪಳದಲ್ಲಿ ಇಳಿದೆ."

"ಆಮೇಲೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಂದ್ಯೋಡು." ಹೇಳಿದವರೇ ನನ್ನ ಮುಖ ನೋಡಿದರು. "ಮನೆಗೆ ಹತ್ತಿರ ಹತ್ತಿರ ಬರ್ತಾ ಉಂಟಲ್ವಾ ಇದು?"

ಹೌದು, ಬರುತ್ತಾ ಇತ್ತು. ಇಳಿದಾಗ ಸಿಗುವ ಆ ನಿರಾಳವೇ ಇಲ್ಲಿ ಬಹುಮಾನ. ಮುಂದಿನ ಸಲ ಇನ್ನೂ ಬೇಗ ಇಳಿ ಅಂತ ಅದು ಕಲಿಸುತ್ತದೆ. ಬಸ್ಸಲ್ಲೇ ಕೂತಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯಲು ಮೈಗೆ ಅವಕಾಶವೇ ಸಿಗುವುದಿಲ್ಲ. "ಕಷ್ಟಪಟ್ಟು ಹೋಗುವುದು ಬೇಡ ಮಾರಾಯ್ತಿ" ಎನ್ನುವ ಗಂಡ ಗೊತ್ತಿಲ್ಲದೆ ಅದೇ ಪಾಠವನ್ನು ಗಟ್ಟಿ ಮಾಡುತ್ತಿದ್ದರು.

ನಾನು ಹೇಳಿದ್ದು ಇಷ್ಟು. ಮೊದಲು ಉಪ್ಪಳ, ಆಮೇಲೆ ಹೊಸಂಗಡಿ, ಕುಂಜತ್ತೂರು, ಕೊನೆಗೆ ತಲಪಾಡಿ. ಒಂದು ಹಂತ ಬೇಸರ ಬರುವಷ್ಟು ಸಲೀಸಾದ ಮೇಲೆಯೇ ಮುಂದಿನದು. ಗಾಬರಿ ಏರಿದಾಗ ಓಡಬೇಡಿ, ಅದು ಇಳಿಯುವವರೆಗೆ ಅಲ್ಲೇ ಇರಿ. ಆ ಶರಬತ್ತನ್ನು ಓಡಿಬಂದ ಮೇಲೆ ಅಲ್ಲ, ಹಂತ ತಲುಪಿದ ಮೇಲೆ ಕುಡಿಯಿರಿ. 1924ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಪ್ರಕಟಿಸಿದ ಪೀಟರ್ ಎಂಬ ಮಗುವಿನ ಪ್ರಕರಣದಲ್ಲೂ ಹೀಗೇ ಮಾಡಿದ್ದರು. ಮೊಲಕ್ಕೆ ಹೆದರುವ ಆ ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತರುತ್ತಿದ್ದರು.

"ಈ ವಯಸ್ಸಿನಲ್ಲಿ ಹೀಗೆ ಹಿಂಸೆ ಕೊಡುವುದಾ?" ಅಂತ ಗಂಡ ಸಿಟ್ಟಾದರು. ಅವರ ಸಂಕಟ ಅರ್ಥವಾಗುತ್ತದೆ. ಆದರೂ ನನ್ನ ಸಲಹೆ ಬದಲಾಗಲಿಲ್ಲ. ಸುಮ್ನೆ ಬಿಟ್ಟರೆ ನಾಳೆ ಕುಂಬಳೆ ಪೇಟೆಗೂ ಹೋಗಲಾಗದು. ಎಲ್ಲರಿಗೂ ಇದನ್ನೇ ಹೇಳುವುದಿಲ್ಲ. ನಿದ್ದೆ ಕೆಟ್ಟು, ಆ ದಿನವೇ ಕಣ್ಣೆದುರು ಬರುತ್ತಿದ್ದರೆ ಮೊದಲು ಮನೋವೈದ್ಯರನ್ನು ಕಾಣಬೇಕು.

ಮಳೆಗಾಲದಲ್ಲಿ ಓಡಾಟ ನಿಂತು, ಮತ್ತೆ ಹೊರಟಾಗ ಭಯ ಮರಳಿತು. "ಎಲ್ಲ ನೀರಲ್ಲಿ ಹೋಮ ಆಯ್ತು" ಅಂತ ಅತ್ತರು. ಪಾವ್ಲೋವ್‌ರ ನಾಯಿಗಳಲ್ಲೂ, ಊಟವಿಲ್ಲದೆ ಬರೀ ಸದ್ದು ಕೇಳಿ ಕೇಳಿ ನಿಂತುಹೋದ ಜೊಲ್ಲು ಬಿಡುವಿನ ನಂತರ ಮರಳುತ್ತಿತ್ತು. ಅದನ್ನು ಹೇಳಿ, ಒಂದೇ ಹಂತ ಹಿಂದೆ ಹೋಗಲು ತಿಳಿಸಿದೆ. ಈಗ ಕುಂಜತ್ತೂರಿನವರೆಗೆ ಒಬ್ಬರೇ ಹೋಗುತ್ತಾರೆ. ತಲಪಾಡಿಗೆ ಗಂಡ ಜೊತೆ ಬರುತ್ತಾರೆ, ಹಿಂದಿನ ಸೀಟಿನಲ್ಲಿ ಕೂರಬೇಕೆಂಬ ಒಪ್ಪಂದದ ಮೇಲೆ.