ಒಬ್ಬೊಬ್ಬರೇ ನುಡಿಸಿದರೆ ಸರಿ, ಮೂವರೂ ಸೇರಿದರೆ ಚೆಲ್ಲಾಪಿಲ್ಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಕಾರವಾರದ ಮೂವರು ಗೆಳೆಯರು. ಒಬ್ಬನಿಗೆ ಬ್ಯಾಂಕಿನಲ್ಲಿ ಕೆಲಸ, ಇನ್ನೊಬ್ಬ ಶಾಲೆಯಲ್ಲಿ ಮಾಸ್ತರ, ನಾನು ಔಷಧದ ಅಂಗಡಿ ಇಟ್ಟುಕೊಂಡಿದ್ದೇನೆ. ಬಹಳ ವರ್ಷಗಳಿಂದ ಭಾನುವಾರ ಸಂಜೆ ಸೇರಿ ಗಿಟಾರಿನಲ್ಲಿ ಹಳೆಯ ಸಿನಿಮಾ ಹಾಡುಗಳನ್ನು ನುಡಿಸುತ್ತಿದ್ದವರು, ಆರು ತಿಂಗಳಿಂದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ತಂಡದ ‘ಡೊನ್ನಾ ಲೀ’ ಎಂಬ ಬೀಬಾಪ್ (ವೇಗದ ಓಟದ ಒಂದು ಜಾಝ್ ಶೈಲಿ) ರಚನೆಯ ಹಿಂದೆ ಬಿದ್ದಿದ್ದೇವೆ. ಮನೆಯಲ್ಲಿ ಒಬ್ಬೊಬ್ಬರೇ ಮೆಟ್ರೊನೋಮನ್ನು (ಟಿಕ್ ಟಿಕ್ ಎಂದು ಲಯ ಹಿಡಿಯುವ ಯಂತ್ರ) ನಿಮಿಷಕ್ಕೆ 180 ಬೀಟ್‌ಗೆ ಇಟ್ಟು ಪೂರ್ತಿ ನುಡಿಸುತ್ತೇವೆ. ಒಟ್ಟಿಗೆ ಕೂತರೆ 120ರಲ್ಲಿಯೂ ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲ ಕುಸಿಯುತ್ತದೆ, ಆಮೇಲೆ ತಪ್ಪು ಯಾರದೆಂಬ ವಾದ ಶುರುವಾಗುತ್ತದೆ. ಈ ನಡುವೆ ಬ್ಯಾಂಕಿನ ಗೆಳೆಯನಿಗೆ ಶಿರಸಿಗೆ ವರ್ಗವಾಗಿದೆ. ವಿಡಿಯೊ ಕರೆಯಲ್ಲಿ ಅಭ್ಯಾಸ ಮುಂದುವರಿಸಬಹುದೇ? ನಮ್ಮಂಥ ಹವ್ಯಾಸಿಗಳಿಗೆ ಇದು ಆಗುವ ಮಾತೇ?
— ಹೆಸರು ಬೇಡವೆಂದಿರುವ ಓದುಗರು, ಕಾರವಾರ

ಉತ್ತರ: ಆಗುವ ಮಾತೇ. ಆದರೆ ನೀವು ಈಗ ಹಿಡಿದಿರುವ ದಾರಿಯಲ್ಲಿ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು 180ರ ಸಂಖ್ಯೆಯಲ್ಲ, ‘ಎರಡನೆಯ ಅರ್ಧ’ ಎಂಬ ಮಾತು. ಈ ರಚನೆ 32 ಬಾರ್‌ಗಳ (ಒಂದು ಬಾರ್ ಎಂದರೆ ನಾಲ್ಕು ಬೀಟ್) ಒಂದು ಆವರ್ತನ. ಮೊದಲ ನಾಲ್ಕು ಬಾರ್‌ಗಳ ಹಾದಿಯೇ 17ನೆಯ ಬಾರಿನಲ್ಲಿ ಮತ್ತೆ ಶುರುವಾಗುತ್ತದೆ. ಮೊದಲ ಸಲ ಆ ಹಾದಿಯ ಕೊನೆಯಲ್ಲಿ ಒಂದು ಕಡೆಗೆ ತಿರುಗಬೇಕು, ಎರಡನೆಯ ಸಲ, ಅಂದರೆ 21ನೆಯ ಬಾರಿನಲ್ಲಿ, ಬೇರೊಂದು ಕಡೆಗೆ ತಿರುಗಬೇಕು. ಮೂವರಲ್ಲಿ ಒಬ್ಬರ ಕೈ ಅಭ್ಯಾಸಬಲದಿಂದ ಹಳೆಯ ತಿರುವಿಗೇ ಹೋದರೂ ಸಾಕು, ಉಳಿದಿಬ್ಬರು ತಪ್ಪಿದ್ದು ತಾವೇ ಇರಬೇಕೆಂದು ಅಳುಕಿ ಒಂದು ಸ್ವರ ಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಇದು ಅನುಭವದ ಮಾತು. ಬಹಳ ಹಿಂದೆ ಶಿರಸಿಯಲ್ಲಿ ಪರಿಚಯದವರ ಮದುವೆಯ ಊಟದ ಹೊತ್ತಿಗೆ ನಾಲ್ವರು ಸೇರಿ ಇಂಥದ್ದೇ ಒಂದನ್ನು ನುಡಿಸಿದಾಗ, ಮೂವರು ಮುಗಿಸಿ ಕೈ ಕೆಳಗಿಟ್ಟ ಮೇಲೂ ನಾನೊಬ್ಬನೇ ನಾಲ್ಕು ಬಾರ್ ನುಡಿಸುತ್ತಿದ್ದೆ. ಸಾರಿನ ಬಕೀಟು ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದವರು ನಿಂತು ನೋಡಿದರು. ಆದ್ದರಿಂದ ಮುಂದಿನ ಭಾನುವಾರ ಮೊದಲ ಬಾರಿನಿಂದ ಆರಂಭಿಸಬೇಡಿ. 25ರಿಂದ 32ರವರೆಗಿನ ಎಂಟು ಬಾರ್‌ಗಳನ್ನಷ್ಟೇ ನುಡಿಸಿ, ಅದು ಗಟ್ಟಿಯಾದ ಮೇಲೆ 21ರಿಂದ, ಆಮೇಲೆ 17ರಿಂದ, ಹೀಗೆ ಹಿಂದಕ್ಕೆ ಸರಿಯುತ್ತ ಬನ್ನಿ. ಹೀಗೆ ಮಾಡಿದರೆ ನುಡಿಸುತ್ತ ಮುಂದೆ ಹೋದಂತೆಲ್ಲ ಹೆಚ್ಚು ಪಳಗಿದ ಭಾಗದೊಳಕ್ಕೆ ಹೋಗುತ್ತೀರಿ. ಈಗ ನಿಮಗೆ ಆಗುತ್ತಿರುವುದು ಇದರ ತಿರುವು ಮುರುವು.

ಇನ್ನು, ಒಬ್ಬೊಬ್ಬರೇ ನುಡಿಸಿದಾಗ ಬರುವುದು ಸೇರಿದಾಗ ಏಕೆ ಬರುವುದಿಲ್ಲ? ಇದಕ್ಕೆ ಕಾರಣ ಗಿಟಾರಿನ ಮೈಯಲ್ಲಿಯೇ ಇದೆ. ‘ಡೊನ್ನಾ ಲೀ’ಯ ಮೂಲ ಶ್ರುತಿ ಎ ಫ್ಲ್ಯಾಟ್. ಗಿಟಾರಿನ ಆರು ತೆರೆದ ತಂತಿಗಳು ಇ, ಎ, ಡಿ, ಜಿ, ಬಿ, ಇ. ಇವುಗಳಲ್ಲಿ ಎ ಫ್ಲ್ಯಾಟ್ ಮೇಜರ್‌ನ ಸ್ವರಶ್ರೇಣಿಗೆ ಸೇರುವುದು ಜಿ ಒಂದೇ. ಸಿನಿಮಾ ಹಾಡುಗಳಲ್ಲಿ ತೆರೆದ ತಂತಿಯೊಂದನ್ನು ಮೀಟಿ, ಅದು ಮೊಳಗುತ್ತಿರುವಾಗಲೇ ಕೈಯನ್ನು ಬೇರೆಡೆಗೆ ಸಾಗಿಸಿಕೊಳ್ಳುವ ಅನುಕೂಲ ನಿಮಗಿತ್ತು. ಇಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ಎಡಗೈ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಜರುಗುವಾಗಲೆಲ್ಲ ಕೂದಲೆಳೆಯಷ್ಟು ತಡವಾಗುತ್ತದೆ. ಒಬ್ಬರೇ ಇದ್ದಾಗ ನಿಮ್ಮ ಕಿವಿ ನಿಮ್ಮ ಕೈಯನ್ನು ಕ್ಷಮಿಸಿಬಿಡುತ್ತದೆ, ಮೆಟ್ರೊನೋಮಿನ ಟಿಕ್ ಆ ಗಳಿಗೆಯಲ್ಲಿ ಕೇಳಿಸುವುದೇ ಇಲ್ಲ. ಮೂವರೂ ಬೇರೆ ಬೇರೆ ಟ್ಯಾಬ್ ಹಾಳೆಗಳಿಂದ, ಅಂದರೆ ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಬರೆದ ಹಾಳೆಗಳಿಂದ, ಕಲಿತಿದ್ದರೆ (ಹಾಗೆಯೇ ಕಲಿತಿರುತ್ತೀರಿ ಎಂಬುದು ನನ್ನ ಊಹೆ) ಒಬ್ಬರ ಕೈ ಮೂರನೆಯ ಬಾರಿನಲ್ಲಿ ಜರುಗುತ್ತದೆ, ಇನ್ನೊಬ್ಬರದು ನಾಲ್ಕರಲ್ಲಿ, ಮತ್ತೊಬ್ಬರದು ಐದರಲ್ಲಿ. ತಡ ಮೂರು ಕಡೆ, ತಪ್ಪು ಯಾರದೂ ಅಲ್ಲ.

ಹಾಗೆಂದು ಮೂವರ ಬೆರಳೂ ಒಂದೇ ಫ್ರೆಟ್ಟಿನ (ಗಿಟಾರಿನ ಕುತ್ತಿಗೆಯ ಮೇಲಿನ ಮನೆ) ಮೇಲಿರಬೇಕೆಂದು ನಾನು ಹೇಳುವುದಿಲ್ಲ. ಆದರೆ ಉಸಿರು ಎಲ್ಲಿ ಎಂಬುದನ್ನು ಮಾತ್ರ ಒಪ್ಪಂದ ಮಾಡಿಕೊಳ್ಳಲೇಬೇಕು. ಇದನ್ನು ಮೊದಲು ನುಡಿಸಿದವರು ಊದುವ ವಾದ್ಯದವರು. ಸ್ಯಾಕ್ಸೊಫೋನಿನವರು ಎಲ್ಲೋ ಒಂದು ಕಡೆ ಉಸಿರು ಎಳೆದುಕೊಳ್ಳಲೇಬೇಕಾದ್ದರಿಂದ ಅವರ ಸಾಲುಗಳಿಗೆ ಆದಿ ಅಂತ್ಯಗಳು ತಾವಾಗಿ ಬರುತ್ತವೆ. ನಮ್ಮ ಕೈಗೆ ಉಸಿರಿನ ಹಂಗಿಲ್ಲ, ಹೊಲಿಗೆ ಯಂತ್ರದಂತೆ ಓಡುತ್ತಲೇ ಇರುತ್ತದೆ. ಗಿಟಾರುಗಳನ್ನು ಮನೆಯಲ್ಲೇ ಬಿಟ್ಟು ಒಂದು ಸಂಜೆ ಮೂವರೂ ಟಾಗೋರ್ ಕಡಲತೀರದಲ್ಲಿ ನಡೆಯುತ್ತ ಇದನ್ನು ಬಾಯಲ್ಲಿ ಹಾಡಿಕೊಳ್ಳಿ. ಸ್ವರ ತಪ್ಪಿದರೆ ಚಿಂತೆಯಿಲ್ಲ. ಎಲ್ಲಿ ಮೂವರಿಗೂ ಒಟ್ಟಿಗೆ ಉಸಿರು ಕಟ್ಟುತ್ತದೆಯೋ ಅಲ್ಲಿ ಗುರುತು ಹಾಕಿಕೊಂಡು, ಕೈ ಜರುಗಿಸುವುದನ್ನೂ ಸಾಧ್ಯವಾದಷ್ಟು ಅಲ್ಲಿಗೇ ತನ್ನಿ. ಜನ ನೋಡಿ ನಗಬಹುದು, ನಗಲಿ.

ಮೂವರೂ ಒಂದೇ ರಾಗಸಾಲನ್ನು ನುಡಿಸುವ ಹಟವನ್ನೂ ಬಿಡಿ ಎಂದು ಹೇಳಬೇಕಾಗಿದೆ. 1947ರ ಮೇ 8ರಂದು ಈ ರಚನೆ ಧ್ವನಿಮುದ್ರಣಗೊಂಡಾಗ ಕೋಣೆಯಲ್ಲಿ ಐವರಿದ್ದರು. ರಾಗಸಾಲನ್ನು ನುಡಿಸಿದವರು ಪಾರ್ಕರ್ ಮತ್ತು ತುತ್ತೂರಿಯ ಮೈಲ್ಸ್ ಡೇವಿಸ್ ಇಬ್ಬರೇ. ಪಿಯಾನೊದ ಬಡ್ ಪವೆಲ್, ಬಾಸ್‌ನ ಟಾಮಿ ಪಾಟರ್, ಡ್ರಮ್ಸ್‌ನ ಮ್ಯಾಕ್ಸ್ ರೋಚ್ ನೆಲ ಹಾಸಿಕೊಟ್ಟವರು. (ಧ್ವನಿಮುದ್ರಿಕೆಯ ಮೇಲೆ ಪಾರ್ಕರ್ ಹೆಸರಿದ್ದರೂ ಇದನ್ನು ಕಟ್ಟಿದ್ದು ತಾನೆಂದು ಡೇವಿಸ್ ಆಮೇಲೆ ಹೇಳಿಕೊಂಡರು.) ನಿಮ್ಮಲ್ಲಿಯೂ ಇಬ್ಬರು ರಾಗಸಾಲನ್ನು ಹಿಡಿಯಲಿ, ಒಬ್ಬರು ಕಾರ್ಡ್‌ಗಳನ್ನು (ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು) ನುಡಿಸಲಿ, ವಾರಕ್ಕೊಮ್ಮೆ ಪಾತ್ರ ಬದಲಾಗಲಿ. ಈ ಕಾರ್ಡ್‌ಗಳ ಸರಣಿ ಹೊಸದೇನಲ್ಲ, 1917ರ ‘ಇಂಡಿಯಾನಾ’ ಎಂಬ ಜನಪ್ರಿಯ ಹಾಡಿನದು. ಹಳೆಯ ಹಾಡಿನ ತಳಪಾಯದ ಮೇಲೆ ಹೊಸ ರಾಗಸಾಲನ್ನು ಏರಿಸುವುದು ಬೀಬಾಪಿನವರ ರೂಢಿಯಾಗಿತ್ತು. ಆ ಹಳೆಯ ಹಾಡನ್ನು ಮೊದಲು ಸಾವಕಾಶವಾಗಿ ನುಡಿಸಿ ನೋಡಿ, 17ನೆಯ ಬಾರಿನ ಗೊಂದಲ ಅರ್ಧಕ್ಕೆ ಇಳಿಯುತ್ತದೆ.

ಕಾರ್ಡ್ ನುಡಿಸುವವರು ಆರೂ ತಂತಿಗಳನ್ನು ಬಾರಿಸಿದರೆ ಈ ವೇಗದಲ್ಲಿ ಕೇಳಿಸುವುದು ಗದ್ದಲ ಮಾತ್ರ. ಮೂರೇ ಸ್ವರ ಸಾಕು: ಆರನೆಯ (ಎಲ್ಲಕ್ಕಿಂತ ದಪ್ಪನೆಯ), ನಾಲ್ಕನೆಯ ಮತ್ತು ಮೂರನೆಯ ತಂತಿ. ಮೊದಲ ಕಾರ್ಡ್ ಆದ ಎ ಫ್ಲ್ಯಾಟ್ ಮೇಜರ್ ಸೆವೆನ್‌ಗೆ ಅದೇ ಕ್ರಮದಲ್ಲಿ 4, 5, 5ನೆಯ ಫ್ರೆಟ್‌ಗಳು. ಮುಂದಿನ ಎಫ್ ಸೆವೆನ್‌ಗೆ 1, 1, 2. ಅದರ ಮುಂದಿನ ಬಿ ಫ್ಲ್ಯಾಟ್ ಸೆವೆನ್‌ಗೆ ಇದೇ ಆಕಾರವನ್ನು ಐದು ಫ್ರೆಟ್ ಮೇಲಕ್ಕೆ ಒಯ್ದರಾಯಿತು: 6, 6, 7. ಐದನೆಯ ತಂತಿ ಸದ್ದು ಮಾಡದಂತೆ ಆರನೆಯದನ್ನು ಒತ್ತಿದ ಬೆರಳಿನ ತುದಿಯಿಂದಲೇ ತಡೆದುಕೊಳ್ಳಿ. ಮೀಟಿದ ಕೂಡಲೇ ಎಡಗೈಯ ಒತ್ತಡ ಸಡಿಲಿಸಿದರೆ ಸ್ವರ ಗಿಡ್ಡವಾಗಿ, ಡ್ರಮ್ಸ್ ಇಲ್ಲದ ಕೊರತೆಯನ್ನು ಒಂದಿಷ್ಟು ತುಂಬುತ್ತದೆ.

ವೇಗದ ವಿಷಯ. 1947ರ ಧ್ವನಿಮುದ್ರಿಕೆಯ ಓಟ ನಿಮಿಷಕ್ಕೆ 200 ಬೀಟ್‌ಗಳಿಗಿಂತ ಮೇಲಿದೆ. 200ರಲ್ಲಿ ಪ್ರತಿ ಬೀಟಿಗೆ ಎರಡು ಸ್ವರವೆಂದರೆ ಸೆಕೆಂಡಿಗೆ ಆರೂವರೆಗಿಂತ ಹೆಚ್ಚು ಸ್ವರಗಳು. ಇಡೀ 32 ಬಾರ್ 39 ಸೆಕೆಂಡಿನೊಳಗೆ ಮುಗಿಯುತ್ತದೆ. ನಿಮಗೆ ಸದ್ಯಕ್ಕೆ ಅದು ಬೇಡ. 100ರಲ್ಲಿ ಮೂವರೂ ತಪ್ಪದೆ ಸತತ ಐದು ಆವರ್ತನ ನುಡಿಸಿದ ಮೇಲೆ 108ಕ್ಕೆ ಹೋಗಿ. ವಾದ ಎದ್ದ ದಿನ ವೇಗ ಏರಿಸಬೇಡಿ. ನೀವು 140ರಲ್ಲಿ ನಿಂತುಬಿಟ್ಟರೂ ಕೇಳುವವರಿಗೆ ನಷ್ಟವಿಲ್ಲವೆಂದು ನನ್ನ ಅಭಿಪ್ರಾಯ. 180ರ ಗೀಳು ಗಿಟಾರಿನವರದೇ ಹೊರತು ಶ್ರೋತೃಗಳದಲ್ಲ.

ವಿಡಿಯೊ ಕರೆ ಮಾತ್ರ ಬೇಡ. 200ರ ವೇಗದಲ್ಲಿ ಒಂದೊಂದು ಸ್ವರಕ್ಕೆ ಸಿಗುವ ಕಾಲ 0.15 ಸೆಕೆಂಡ್. ಕರೆಯಲ್ಲಿ ದನಿ 0.1 ಸೆಕೆಂಡ್ ತಡವಾಗಿ ಬಂದರೂ ಶಿರಸಿಯವರು ಒಂದು ಸ್ವರದ ಮೂರರಲ್ಲಿ ಎರಡು ಪಾಲಿನಷ್ಟು ಹಿಂದಿರುತ್ತಾರೆ. ಅವರನ್ನು ಕಾಯುತ್ತ ನೀವು ನಿಧಾನಿಸುತ್ತೀರಿ, ನಿಮ್ಮನ್ನು ಕೇಳಿ ಅವರು ಇನ್ನೂ ನಿಧಾನಿಸುತ್ತಾರೆ. ಅದರ ಬದಲು ಅವರು ಕಾರ್ಡ್‌ಗಳನ್ನು ಮೆಟ್ರೊನೋಮಿನೊಂದಿಗೆ ನುಡಿಸಿ, ಆರಂಭದಲ್ಲಿ ಎರಡು ಬಾರ್ ಎಣಿಸಿ, ಫೋನಿನಲ್ಲಿ ಮುದ್ರಿಸಿ ಕಳುಹಿಸಲಿ. ನೀವಿಬ್ಬರು ಅದರ ಮೇಲೆ ಅಭ್ಯಾಸ ಮಾಡಿ. ತಿಂಗಳಿಗೊಮ್ಮೆ ಮೂವರೂ ಕುಮಟಾದಲ್ಲಿ ಸೇರಿದರೆ ಯಾರಿಗೂ ದಾರಿ ಹೆಚ್ಚಾಗುವುದಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ಬಂದ ಗಿಟಾರನ್ನು ಚೀಲದಿಂದ ತೆಗೆದ ಕೂಡಲೇ ಶ್ರುತಿ ಮಾಡಬೇಡಿ, ಕರಾವಳಿಯ ತೇವಕ್ಕೆ ಹೊಂದಿಕೊಳ್ಳಲು ಒಂದು ಚಹಾ ಕುಡಿಯುವಷ್ಟಾದರೂ ಹೊತ್ತು ಕೊಡಿ.

ಪ್ರಶ್ನೆ: ನಾನು ತಬಲಾ ಕಲಿಯುವ ವಿದ್ಯಾರ್ಥಿ. ಗಿಟಾರ್ ನುಡಿಸುವ ಗೆಳೆಯರು ಬೀಬಾಪ್ ಅಭ್ಯಾಸಕ್ಕೆ ನನ್ನನ್ನು ಕರೆದು, ಎರಡನೆಯ ಮತ್ತು ನಾಲ್ಕನೆಯ ಬೀಟಿಗೆ ಚಪ್ಪಾಳೆ ಹಾಕು ಎನ್ನುತ್ತಾರೆ. ನನ್ನ ಕೈ ಒಂದಕ್ಕೇ ಹೋಗುತ್ತದೆ. ಇವರ ಸಮ್ (ಆವರ್ತನದ ಮೊದಲ ಪೆಟ್ಟು) ಎಲ್ಲಿದೆ?
— ಓದುಗರು, ಶಿರಸಿ

ಉತ್ತರ: ಸಮ್ ಇರುವುದು ಒಂದರಲ್ಲಿಯೇ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಹದಿನಾರು ಮಾತ್ರೆಗಳ ತೀನ್‌ತಾಲದಲ್ಲಿ ನೀವು 1, 5, 13ಕ್ಕೆ ತಾಳಿ (ಚಪ್ಪಾಳೆ) ಹಾಕಿ 9ಕ್ಕೆ ಕೈ ಬಿಚ್ಚುತ್ತೀರಿ, ಅದೇ ಖಾಲಿ. ಖಾಲಿ ಬಂದಾಗ ಸದ್ದಿಲ್ಲದಿದ್ದರೂ ನೀವೆಲ್ಲಿದ್ದೀರಿ ಎಂಬುದು ನಿಮಗೆ ತಿಳಿದಿರುತ್ತದಲ್ಲವೇ? ಅವರ ಒಂದು ಮತ್ತು ಮೂರನ್ನು ಹಾಗೆಯೇ ಖಾಲಿ ಎಂದುಕೊಳ್ಳಿ. ಒಂದಕ್ಕೆ ಪಾದ, ಎರಡಕ್ಕೆ ಚಪ್ಪಾಳೆ, ಮೂರಕ್ಕೆ ಪಾದ, ನಾಲ್ಕಕ್ಕೆ ಚಪ್ಪಾಳೆ. ಎರಡು ದಿನದಲ್ಲಿ ಪಾದ ತಾನಾಗಿ ಸದ್ದು ನಿಲ್ಲಿಸುತ್ತದೆ. 32 ಬಾರ್‌ಗಳನ್ನು ಎಂಟರಂತೆ ನಾಲ್ಕು ವಿಭಾಗ ಮಾಡಿಕೊಂಡು ಲೆಕ್ಕ ಇಡಿ, 25ನೆಯ ಬಾರ್ ಬರುವ ಮುನ್ನ ಗಿಟಾರಿನವರತ್ತ ಒಮ್ಮೆ ತಲೆಯಾಡಿಸಿ. ಮೇಲಿನ ಪತ್ರದ ಬ್ಯಾಂಕಿನವರು ನಿಮ್ಮ ಊರಿಗೇ ಬಂದಿದ್ದಾರೆ, ಅವರಿಗೆ ಇಂಥ ಒಬ್ಬರ ಅಗತ್ಯ ತುಂಬಾ ಇದೆ.